ಮನೇಲಿ ಯಾರೂ ಇಲ್ಲ

ರಂಜಿನಿ ಗಂಡನಿಗೆಂದು ಹೆಣೆದ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಕೇಕ್ ಮಾಡುವ ಕ್ಲಾಸಿಗೆ ಸೇರಿದ್ದಳು, ಕ್ರೀಮ್ ಬಳಿಯುವ ಪಾಠ ಬರುವಷ್ಟರಲ್ಲಿ ಬಿಟ್ಟಳು. ಹಾರ್ಮೋನಿಯಂ ಕಲಿತಳು, ಅದೂ ಸರಳೆ ವರಸೆ ಮುಗಿಯುವ ತನಕ. ವಿನೋಬನಗರದ ಆ ಬೀದಿಯಲ್ಲಿ ಈ ಸಂಗತಿ ಗೊತ್ತಿಲ್ಲದವರು ಯಾರೂ ಇಲ್ಲ. ಅವಳ ಗಂಡ ಹಾಲೇಶ್ ಹೈಸ್ಕೂಲಿನ ಪಿ.ಟಿ. ಮಾಸ್ತರು, ಅವನ ಗಂಟಲನ್ನು ದೇವರು ಆಟದ ಮೈದಾನಕ್ಕೆ ಅಂತಲೇ ಮಾಡಿದ್ದು. ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿದ ಗುಟ್ಟು ಮೂರನೇ ಮನೆಯವರಿಗೂ ಕೇಳುತ್ತದೆ. "ಅರ್ಧಂಬರ್ಧ ರಂಜಿನಿ" ಎಂದು ಅವನು ಪ್ರೀತಿಯಿಂದಲೇ ಕರೆಯುತ್ತಿದ್ದ. ಪ್ರೀತಿಯಿಂದ ಕರೆದರೂ ಚುಚ್ಚುವುದು ಚುಚ್ಚಿಯೇ ತೀರುತ್ತದೆ.

ಅಂಥವಳು ತುಂಬಿದ ಸಭೆಯಲ್ಲಿ ಎದ್ದು ನಿಂತು, "ಬಳಗದ ವೆಬ್‌ಸೈಟನ್ನ ನಾನು ಹೊಸದಾಗಿ ಕಟ್ಟಿಕೊಡ್ತೀನಿ" ಎಂದುಬಿಟ್ಟಳು.

ಬಳಗ ಎಂದರೆ ದಾಸವಾಳ ಬಳಗ. ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ದಾಸವಾಳದ ಹುಚ್ಚರೆಲ್ಲ ಸೇರಿ ಮಾಡಿಕೊಂಡ ಕೂಟ. ಶಾಲೆಯ ಟೀಚರು, ನಿವೃತ್ತ ಗುಮಾಸ್ತರು, ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರು, ಹಾರ್ಡ್‌ವೇರ್ ಅಂಗಡಿಯ ಮಲ್ಲಿಕ್ ಸಾಬರು, ಹೀಗೆ ಎಲ್ಲ ತರಹದವರೂ ಇದ್ದರು. ಹಳದಿ ದಾಸವಾಳ, ಎರಡು ಸುತ್ತಿನ ದಾಸವಾಳ, ಜುಮುಕಿ ದಾಸವಾಳ ಎಂದು ಅವರು ಮಾತಿಗೆ ಕುಳಿತರೆ ಒಲೆಯ ಮೇಲಿನ ಅನ್ನ ಸೀಯುತ್ತದೆ. ಯಾರದೋ ಅಳಿಯ ಎಷ್ಟೋ ವರ್ಷಗಳ ಹಿಂದೆ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅದಕ್ಕೆ ಜಾಗ ಕೊಟ್ಟಿದ್ದ ಕಂಪನಿ ಈಗ ಬಾಗಿಲು ಹಾಕುತ್ತಿತ್ತು. ತಿಂಗಳ ಕೊನೆಗೆ ಎಲ್ಲವೂ ಮಾಯ.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಎಲ್ರೂ ನನ್ನ ವಾಟ್ಸಾಪ್ ಗ್ರೂಪಿಗೆ ಬನ್ನಿ" ಎಂದಿದ್ದರು ರಾಗಿಗುಡ್ಡದ ಪರಮೇಶ್. ಬಳಗದ ಉಪಾಧ್ಯಕ್ಷರು. ಅವರ ಗ್ರೂಪಿನಲ್ಲಿ ಅಡ್ಮಿನ್ ಒಬ್ಬರೇ ಮಾತಾಡುವುದು, ಆ ಅಡ್ಮಿನ್ನು ಅವರೇ. ಬೆಳಗಾದರೆ ಸೂರ್ಯೋದಯದ ಚಿತ್ರ, ಮಧ್ಯಾಹ್ನ ಆರೋಗ್ಯ ಸೂತ್ರ, ಸಂಜೆ ಯಾರದೋ ಸೈಟು ಮಾರಾಟಕ್ಕಿದೆ ಎಂಬ ಜಾಹೀರಾತು. ಬಳಗವನ್ನು ಹುಟ್ಟುಹಾಕಿದ ಭದ್ರಾವತಿಯ ಶಿವಯೋಗಪ್ಪನವರು ಅಂದು ಎದ್ದು ನಿಂತು, "ಹಂಗಾದ್ರೆ ನನಗೆ ರಜಾ ಕೊಟ್ಬಿಡಿ" ಎಂದಿಷ್ಟೇ ಹೇಳಿ ಕೂತರು. ಆ ಮುಖ ನೋಡಿ ರಂಜಿನಿಗೆ ಕರುಳು ಚುರುಕ್ ಎಂದಿತು. ಎದ್ದಳು, ಮಾತು ಕೊಟ್ಟಳು. ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೆ ಗೊತ್ತಾದದ್ದು, ತನಗೆ ಕೋಡಿಂಗಿನ ಗಂಧಗಾಳಿ ಇಲ್ಲ ಎಂದು.

ಪರಮೇಶ್ ನಕ್ಕರು. "ಆಯ್ತಮ್ಮ. ತಿಂಗಳ ಕೊನೇ ಭಾನುವಾರ ನಿಮ್ಮ ವಿನೋಬನಗರದ ಪಾರ್ಕಲ್ಲೇ ಸಭೆ ಇಡಣ. ಅಷ್ಟರೊಳಗೆ ನಿನ್ನ ಹೊಸ ಸೈಟಿಂದ ನೆಡೋಕೆ ಒಂದೇ ಒಂದು ಗಿಡದ ಕಡ್ಡಿ ಕೈ ಬದಲಾಗಿದ್ರೂ ನಾನು ಗ್ರೂಪ್ ಮುಚ್ತೀನಿ. ಇಲ್ಲಾಂದ್ರೆ ಎಲ್ರೂ ನನ್ನ ಗ್ರೂಪಿಗೆ." ಎಲ್ಲರೂ ಒಪ್ಪಿದರು.

ರಂಜಿನಿ ಕೆಲಸ ಮಾಡುವುದು ಫ್ಲೆಕ್ಸ್ ಅಂಗಡಿಯಲ್ಲಿ. ಹುಟ್ಟುಹಬ್ಬದ ಯುವನಾಯಕರ ತಲೆಯ ಹಿಂದೆ ಸೂರ್ಯನನ್ನು ಕೂರಿಸುವುದು, ಪಕ್ಕದಲ್ಲಿ ಹುಲಿ ನಿಲ್ಲಿಸುವುದು ಅವಳ ಕಸುಬು. ಎಳೆದು ತಂದು ಬಿಡುವುದರಲ್ಲಿ ಅವಳ ಕೈ ಪಳಗಿತ್ತು. ಕೋಡ್ ಬರೆಯದೆ ಆ್ಯಪ್ ಕಟ್ಟುವ ಸಲಕರಣೆಗಳೂ ಅಂಥವೇ ಎಂದು ಯೂಟ್ಯೂಬ್ ನೋಡಿ ತಿಳಿದಾಗ ಅವಳು ಹಿಗ್ಗಿ ಹೀರೇಕಾಯಿಯಾದಳು. ಫೋಟೋ ಬೇಕೆ, ಎಳೆದು ತಾ. ಬಟನ್ ಬೇಕೆ, ಎಳೆದು ತಾ. ಸದಸ್ಯರ ಹೆಸರೆಲ್ಲ ಒಂದು ಶೀಟಿನಲ್ಲಿ ತುಂಬು. ಹೀಗಾದರೆ ಹಾಗೆ ಮಾಡು ಎಂದು ನಿಯಮ ಹೇಳಿಕೊಡು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಮೊದಲ ಸಲ ಅದು ಸ್ವಲ್ಪ ಜಾಸ್ತಿಯೇ ನೋಡಿಕೊಂಡಿತು. ಯಾರಾದರೂ ಹೊಸದಾಗಿ ಬಂದರೆ ಸ್ವಾಗತದ ಸಂದೇಶ ಹಾಕು ಎಂದಿದ್ದಳು. ಅದು ತಾನು ಹಾಕಿದ ಸಂದೇಶವನ್ನೇ ಹೊಸಬರು ಬಂದರೆಂದು ತಿಳಿದು ಮತ್ತೆ ಸ್ವಾಗತಿಸಿತು, ಆ ಸ್ವಾಗತವನ್ನು ಕಂಡು ಇನ್ನೊಮ್ಮೆ ಸ್ವಾಗತಿಸಿತು. ಶಿವಯೋಗಪ್ಪನವರ ಫೋನು ಊಟದ ಹೊತ್ತಿನಿಂದ ಸಂಜೆಯ ತನಕ ಟಣ್ ಟಣ್ ಎನ್ನುತ್ತಲೇ ಇತ್ತು. ಕೊನೆಗೆ ಅವರು ಫೋನ್ ಮಾಡಿ, "ಸ್ವಾಗತ ಸಾಕು ತಾಯಿ, ಒಳಗೆ ಬಂದು ಕೂತಾಯ್ತು, ಎಲೆನೂ ಹಾಕಾಯ್ತು" ಎಂದರು. ರಂಜಿನಿ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡಳು. ಹಾಲೇಶ್ ಇಣುಕಿ ನೋಡಿ, "ಇದಕ್ಕೂ ಒಂದೇ ತೋಳಾ ಮಾರಾಯ್ತಿ?" ಎಂದ.

"ಸುಮ್ನಿರ್ರೀ. ಇದಕ್ಕೆ ನಾಲ್ಕು ತೋಳು ಇಡ್ತೀನಿ, ನೋಡ್ತಿರಿ."

ನಿಜಕ್ಕೂ ಮುಗಿಸಿದಳು. ಹಳೆಯ ಸೈಟಿನ ಫೋಟೋಗಳೆಲ್ಲ ಹೊಸದಕ್ಕೆ ಬಂದವು. ಅಲ್ಲಿದ್ದ 'ಹರಟೆ ಕಟ್ಟೆ' ಎಂಬ ವಿಭಾಗವನ್ನು ಮಾತ್ರ ಅವಳು ತರಲಿಲ್ಲ. ಅದರ ತುಂಬ ಬರೀ ಕಸ: "ನಾಳೆ ಮೊಮ್ಮಕ್ಕಳನ್ನ ಕರ್ಕೊಂಡು ತ್ಯಾವರೆಕೊಪ್ಪದ ಸಫಾರಿಗೆ ಹೋಗ್ತಿದ್ದೀವಿ, ಬರೋದು ಸಂಜೆ." "ಶುಕ್ರವಾರ ಬೀಗರ ಮನೆ ಊಟ, ಮಧ್ಯಾಹ್ನ ಇರಲ್ಲ." ಇವರು ಹುಲಿ ನೋಡಿದ್ದು, ಬೀಗರ ಮನೆಯಲ್ಲಿ ಉಂಡದ್ದು ದಾಸವಾಳಕ್ಕೆ ಏನು ಸಂಬಂಧ? ಅದನ್ನೆಲ್ಲ ಗುಡಿಸಿ ಹಾಕಿದಳು. ಅದರ ಬದಲು ಪ್ರತಿ ಹೂವಿನ ಕೆಳಗೆ ಅಚ್ಚುಕಟ್ಟಾಗಿ ಒಂದು ಬಟನ್ ಇಟ್ಟಳು: 'ಕಡ್ಡಿ ಬೇಕು'. ಅದನ್ನು ಒತ್ತಿದರೆ ಗಿಡದವರಿಗೆ ಮನವಿ ಹೋಗುತ್ತದೆ. ಅವರು ಒಪ್ಪಿದರೆ ಕೇಳಿದವರ ಹೆಸರಿನಲ್ಲಿ 'ತುಂಬಾ ಧನ್ಯವಾದಗಳು' ಎಂಬ ಸಂದೇಶ ಕೈಮುಗಿಯುವ ಚಿತ್ರದ ಸಮೇತ ತಾನಾಗಿಯೇ ಹೋಗುತ್ತದೆ. ಇದರಷ್ಟು ಮರ್ಯಾದಸ್ಥ ಸೈಟು ಜಿಲ್ಲೆಯಲ್ಲೇ ಇಲ್ಲ ಎಂದು ರಂಜಿನಿಗೆ ಅನ್ನಿಸಿತು.

ಬಳಗದವರೆಲ್ಲ ಬಂದರು. ಹೂ ನೋಡಿದರು, ಆಹಾ ಎಂದರು, ಹೊಗಳಿದರು. ಬಟನ್ ಮಾತ್ರ ಒಬ್ಬರೂ ಒತ್ತಲಿಲ್ಲ.

ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ರಂಜಿನಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಶೀಟನ್ನು ನೋಡುತ್ತಿದ್ದಳು. ಮನವಿಗಳ ಕಾಲಂ ಖಾಲಿ. ಬಟನ್ನಿನ ಬಣ್ಣ ಬದಲಿಸಿದಳು, ಗಾತ್ರ ಹೆಚ್ಚಿಸಿದಳು, ಫ್ಲೆಕ್ಸಿನ ಬುದ್ಧಿ ಬಿಡಲಾರದೆ ಅದರ ಹಿಂದೊಂದು ಸೂರ್ಯನನ್ನೂ ಇಟ್ಟಳು. ಊಹೂಂ. ಕೊನೆಯ ಭಾನುವಾರಕ್ಕೆ ಮೂರು ದಿನ ಇದೆ ಎನ್ನುವಾಗ ಪರಮೇಶ್ ಆಗಲೇ ತಮ್ಮ ಗ್ರೂಪಿಗೆ 'ಹೊಸ ಸದಸ್ಯರಿಗೆ ಹಾರ್ದಿಕ ಸ್ವಾಗತ' ಎಂದು ಚಿತ್ರ ಮಾಡಿಸಲು ಬಂದರು. ಅದೂ ಅವಳ ಅಂಗಡಿಗೇ! ರಂಜಿನಿ ಹಲ್ಲು ಕಚ್ಚಿ ಅದನ್ನು ಮಾಡಿಕೊಟ್ಟಳು. ಅಳು ಬರುತ್ತಿತ್ತು. ಮರುದಿನ ರಜಾ ಹಾಕಿ ಭದ್ರಾವತಿಯ ಬಸ್ ಹತ್ತಿದಳು.

ಶಿವಯೋಗಪ್ಪನವರು ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಅವರ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಬರೀ ದಾಸವಾಳ. ನಡುವೆ ಇದ್ದದ್ದು 'ನೈಟ್ ಶಿಫ್ಟ್'. ಅದು ಅವರೇ ಎರಡು ಗಿಡ ಕೂಡಿಸಿ ಹುಟ್ಟಿಸಿದ ತಳಿ. ಜೋನಿಬೆಲ್ಲದ ಬಣ್ಣದ ಹೂವು, ಬೇರೆಲ್ಲ ಹೂಗಳು ಸಂಜೆಗೆ ಮುದುಡಿಕೊಂಡರೂ ಇದು ಅರಳಿಯೇ ಇರುತ್ತದೆ. ಬಳಗಕ್ಕೆ ಸೇರಿದ ದಿನದಿಂದ ರಂಜಿನಿಯ ಕಣ್ಣು ಅದರ ಮೇಲೆಯೇ.

"ಸಾರ್, ಯಾಕೆ ಯಾರೂ ಬಟನ್ ಒತ್ತುತ್ತಿಲ್ಲ? ನನ್ನದೇನು ತಪ್ಪಾಗಿದೆ ಹೇಳಿ" ಎಂದಳು ಕೂರುವ ಮೊದಲೇ.

ಶಿವಯೋಗಪ್ಪ ತಲೆ ಕೆರೆದುಕೊಂಡರು. "ತಪ್ಪು ಅಂತಲ್ಲ... ನಮ್ಮ ಜನಕ್ಕೆ ಅಭ್ಯಾಸ ಇಲ್ಲ. ಅದಿರ್ಲಿ, ಇದು ನೋಡು ಈ ಹೊಸ ತಳಿಗಳು. ಹೂವೇನೋ ಸೈ, ಬೇರಿಗೆ ಕಸುವಿಲ್ಲ. ಒಂದು ಹಳೇ ಕೆಂಪು ನಾಟಿ ದಾಸವಾಳ ಸಿಕ್ರೆ ಕೂಡಿಸಿ ನೋಡ್ಬೇಕು."

"ನಮ್ಮನೇಲಿ ಇದೆಯಲ್ಲ ಸಾರ್! ನಮ್ಮಜ್ಜಿ ಕಾಲದ್ದು. ಬಳಗದಲ್ಲಿ ಯಾರೂ ಅದನ್ನ ತಿರುಗಿ ನೋಡಲ್ಲ. ನಾಳೆನೇ ತಂದು ಕೊಡ್ತೀನಿ."

ಶಿವಯೋಗಪ್ಪ ಹಾವು ತುಳಿದವರ ಹಾಗೆ ಹಿಂದೆ ಸರಿದರು. "ಬೇಡ ಬೇಡ! ಕೊಡೋ ಮಾತು ಆಡ್ಲೇಬೇಡ!"

ರಂಜಿನಿಯ ಮುಖ ಹುಳ್ಳಗಾಯಿತು. ತನ್ನ ಗಿಡ ಇವರಿಗೂ ಬೇಡವಾಯಿತಲ್ಲ ಎಂದು ನೊಂದುಕೊಂಡಳು. ಅವರು ಮಾತು ತೇಲಿಸಿ, ಒಂದು ಕುರ್ಚಿ ತಂದು ನೈಟ್ ಶಿಫ್ಟಿನ ಪಕ್ಕಕ್ಕೇ ಹಾಕಿದರು.

"ಕೂತ್ಕೋ. ನಮ್ಮನೆಯೋರು ಭಜನೆಗೆ ಹೋಗಿದಾರೆ, ನಾನೇ ಕಾಫಿ ಮಾಡ್ಬೇಕು. ಹಾಲು ಕಾಯೋದು ಬಹಳ ತಡ ಆಗುತ್ತೆ. ಒಳಗಿದ್ರೆ ನನಗೆ ಹೊರಗಿಂದು ಏನೂ ಕಾಣಲ್ಲ, ಕಿಟಕಿನೂ ಹಾಕಿರ್ತೀನಿ. ಕತ್ತರಿ ಇಲ್ಲೇ ಕಟ್ಟೆ ಮೇಲಿದೆ, ಕೈಗೆ ತಾಗೀತು, ಹುಷಾರು."

ಒಳಗೆ ಹೋದರು. ರಂಜಿನಿ ಕೈ ಕಟ್ಟಿ ಶಿಸ್ತಾಗಿ ಕೂತಳು. ಪಿ.ಟಿ. ಮಾಸ್ತರ ಹೆಂಡತಿಯಲ್ಲವೇ. ಎಷ್ಟೋ ಹೊತ್ತಾದ ಮೇಲೆ ಶಿವಯೋಗಪ್ಪ ಬಾಗಿಲಲ್ಲಿ ಜೋರಾಗಿ ಕೆಮ್ಮಿ ಹೊರಬಂದರು. ಗಿಡ ನೋಡಿದರು, ಇವಳನ್ನು ನೋಡಿದರು.

"ಕಾಫಿ ಆಯ್ತಾ ಸಾರ್?"

"ಸಕ್ಕರೆ ಮರ್ತೆ" ಎಂದು ಮತ್ತೆ ಒಳಗೆ ಹೋದರು. ಇನ್ನೂ ಅಷ್ಟು ಹೊತ್ತು ಕಳೆದು, ಇನ್ನೂ ಜೋರಾಗಿ ಕೆಮ್ಮಿ ಬಂದರು. ರಂಜಿನಿ ಹಾಗೆಯೇ ಕೂತಿದ್ದಳು. ಅವರ ಕೈಯಲ್ಲಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಅಯ್ಯೋ ತಾಯಿ, ಎಷ್ಟು ಹೊತ್ತು ಅಂತ ಒಳಗಿರ್ಲಿ ನಾನು? ಒಂದು ಕಡ್ಡಿ ಮುರ್ಕೊಳ್ಳೋಕೆ ನಿನಗೆ ಮುಹೂರ್ತ ಬೇಕಾ?"

ರಂಜಿನಿ ಕಣ್ಣು ಕಣ್ಣು ಬಿಟ್ಟಳು. "ಕೇಳದೇನೇ ಹೇಗೆ ಸಾರ್ ಮುರ್ಕೊಳ್ಳಲಿ?"

"ಕೇಳಿ ತಂದ ಕಡ್ಡಿ ಎಲ್ಲಾದ್ರೂ ಚಿಗುರುತ್ತೇನಮ್ಮ? ಕದ್ದು ತಂದ್ರೇನೇ ಬೇರು ಬಿಡೋದು. ಅದರ ಮೇಲೆ ಧನ್ಯವಾದ ಬೇರೆ ಕಳಿಸ್ತೀಯ! ಥ್ಯಾಂಕ್ಸ್ ಅಂದ್ರೆ ಕಡ್ಡಿನೂ ಒಣಗುತ್ತೆ, ಕೊಟ್ಟವರ ಗಿಡನೂ ಸೊರಗುತ್ತೆ. ನಿನ್ನ ಬಟನ್ ನೋಡಿ ನಮ್ಮೋರೆಲ್ಲ ಹೆದ್ರಿ ಕೂತಿದಾರೆ."

ರಂಜಿನಿಗೆ ಥಟ್ಟನೆ ಅಜ್ಜಿ ನೆನಪಾದಳು. ಯಾರ ಮದುವೆಗೆ ಹೋದರೂ ಊಟ ಮುಗಿಸಿ ಹಿತ್ತಲಿಗೆ ಒಂದು ಸುತ್ತು ಹಾಕಿ, ಬರುವಾಗ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬರುತ್ತಿದ್ದ ಅಜ್ಜಿ. ಮನೆಯ ಕೆಂಪು ದಾಸವಾಳವೂ ಅಂಥ ಯಾವುದೋ ಮದುವೆಯದೇ. ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ ಕಂಪ್ಯೂಟರಿನ ಮುಂದೆ ಕೂತ ಕೂಡಲೆ ತಲೆಯಿಂದ ಹಾರಿಹೋಗಿತ್ತಲ್ಲ!

"ಹಾಗಾದ್ರೆ ಹಳೇ ಸೈಟಲ್ಲಿ ಎಲ್ರೂ ತ್ಯಾವರೆಕೊಪ್ಪಕ್ಕೆ ಹೋಗ್ತಿದ್ದೀವಿ, ಊಟಕ್ಕೆ ಹೋಗ್ತಿದ್ದೀವಿ ಅಂತ ಬರೀತಿದ್ದಿದ್ದು..."

"ಮತ್ತೇನು ಹುಲಿ ನೋಡೋಕೆ ಅಂದ್ಕೊಂಡ್ಯಾ? ಮನೇಲಿ ಯಾರೂ ಇಲ್ಲ, ಬಂದು ಕದ್ಕೊಂಡು ಹೋಗಿ ಅಂತ ಅರ್ಥ. ಆ ಹರಟೆ ಕಟ್ಟೇನೇ ನಮ್ಮ ಬಳಗ. ಅದನ್ನೇ ಕಿತ್ತು ಎಸ್ದಿದೀಯ." ಹೇಳಿ, ರಂಜಿನಿಯ ಪೆಚ್ಚು ಮುಖ ನೋಡಿ ಅವರಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಅಂಗಳದಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಶಿವಯೋಗಪ್ಪ ಕಣ್ಣೊರೆಸಿಕೊಂಡು ಗಂಭೀರವಾಗಿ, "ಬಿಸ್ಕತ್ತು ತರೋದು ಮರ್ತೆ ನೋಡು. ಡಬ್ಬಿ ಅಟ್ಟದ ಮೇಲಿದೆ" ಎಂದು ಒಳಗೆ ಹೋದರು.

ಈ ಸಲ ರಂಜಿನಿ ತಡ ಮಾಡಲಿಲ್ಲ. ಅವರು ಬಿಸ್ಕತ್ತು ತರುವಷ್ಟರಲ್ಲಿ ನೈಟ್ ಶಿಫ್ಟಿನ ಒಂದು ಗೇಣು ಅವಳ ವ್ಯಾನಿಟಿ ಬ್ಯಾಗಿನಲ್ಲಿತ್ತು. ಥ್ಯಾಂಕ್ಸ್ ಎನ್ನಲು ತೆರೆದ ಬಾಯಿಗೆ ಗಬಕ್ಕನೆ ಬಿಸ್ಕತ್ತು ತುರುಕಿಕೊಂಡಳು. ಶಿವಯೋಗಪ್ಪ ಗಿಡದ ಕಡೆ ತಿರುಗಿಯೂ ನೋಡದೆ ಮಳೆಯ ವಿಷಯ ಮಾತಾಡಿದರು.

ಶಿವಮೊಗ್ಗಕ್ಕೆ ವಾಪಸು ಬರುವ ಬಸ್ಸಿನಲ್ಲಿಯೇ ಅವಳು ಸೈಟನ್ನು ಕೆಡವಿ ಕಟ್ಟಿದಳು. 'ಕಡ್ಡಿ ಬೇಕು' ಬಟನ್ ತೆಗೆದು ಹಾಕಿದಳು. ಧನ್ಯವಾದದ ನಿಯಮವನ್ನು ಅಳಿಸಿದಳು. ಹರಟೆ ಕಟ್ಟೆಯನ್ನು ಎಳೆದು ತಂದು ಎಲ್ಲಕ್ಕಿಂತ ಮೇಲೆ ಕೂರಿಸಿದಳು. ಪ್ರತಿ ಸದಸ್ಯರ ಹೆಸರಿನ ಪಕ್ಕ ಒಂದು ಸಣ್ಣ ಸ್ವಿಚ್ಚು: 'ಮನೇಲಿ ಯಾರೂ ಇಲ್ಲ'. ಹಾಕಿದರೆ ಹಸಿರು, ತೆಗೆದರೆ ಬೂದು. ಗಿಡದವರಿಗೆ ಇನ್ನೊಂದು ಬಟನ್: 'ನಮ್ಮನೇಲಿ ಕಳ್ಳತನ ಆಯ್ತು'. ಕದ್ದವರ ಹೆಸರು ಎಲ್ಲೂ ಕೇಳುವುದಿಲ್ಲ. ಬಳಗದವರನ್ನು ಬಿಟ್ಟು ಹೊರಗಿನವರಿಗೆ ಏನೂ ಕಾಣುವುದಿಲ್ಲ. ಕೆಳಗೆ ನಿಯಮ: ಅಂಗಳ ದಾಟಿ ಒಳಗೆ ಹೋಗುವಂತಿಲ್ಲ, ಕುಂಡ ಎತ್ತುವಂತಿಲ್ಲ, ಒಂದೇ ಕಡ್ಡಿ. ಪಕ್ಕದಲ್ಲಿ ಕೂತಿದ್ದ ಹೆಂಗಸು ಇವಳ ಫೋನಿನಲ್ಲಿ ಇಣುಕಿ ಓದಿದಳು, ಮನೇಲಿ ಯಾರೂ ಇಲ್ಲ, ಕಳ್ಳತನ ಆಯ್ತು. ತನ್ನ ಬ್ಯಾಗನ್ನು ಎದೆಗವಚಿಕೊಂಡು ಎದ್ದು ಹೋಗಿ ಕಂಡಕ್ಟರ ಪಕ್ಕ ಕೂತಳು. ರಂಜಿನಿಗೆ ಅದರ ಪರಿವೆಯೇ ಇಲ್ಲ.

ಶನಿವಾರ ಪೂರ್ತಿ ಅವಳು ಸ್ವಿಚ್ಚುಗಳನ್ನೇ ನೋಡುತ್ತಿದ್ದಳು. ಎಲ್ಲ ಬೂದು. ಸಂಜೆಗೆ ಒಂದು ಹಸಿರಾಯಿತು, ಕುಣಿದಾಡಿದಳು. ನೋಡಿದರೆ ಅದು ಅವಳೇ ಪರೀಕ್ಷೆಗೆ ಹಾಕಿದ್ದ ತನ್ನದೇ ಸ್ವಿಚ್ಚು. ಹಾಲೇಶ್ ಈ ಸಲ ತೋಳಿನ ಮಾತು ಎತ್ತಲಿಲ್ಲ. ಕಾಫಿ ಮಾಡಿ ತಂದುಕೊಟ್ಟು, "ನಾಳೆ ಪಾರ್ಕಿಗೆ ನಾನೂ ಬರ್ತೀನಿ ಬಿಡು" ಎಂದ. ಅವನು ತಮಾಷೆ ಮಾಡದಿದ್ದುದೇ ಅವಳಿಗೆ ಹೆಚ್ಚು ಭಯ ತಂದಿತು.

ಭಾನುವಾರ ನಾಲ್ಕು ಗಂಟೆಗೆ ಪಾರ್ಕಿನಲ್ಲಿ ಚಾಪೆ ಹಾಸಿ, ಖಾರಾಬಾತ್ ಡಬ್ಬಿ ಇಟ್ಟು ಗಂಡ ಹೆಂಡತಿ ಕಾದರು. ಒಬ್ಬರೂ ಬರಲಿಲ್ಲ. ನಾಲ್ಕೂವರೆ ಆಯಿತು. ಕೊನೆಗೆ ಬಂದವರು ಪರಮೇಶ್ ಒಬ್ಬರೇ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಖಾಲಿ ಚಾಪೆ ನೋಡಿ ಅವರ ಮುಖ ಇಷ್ಟಗಲವಾಯಿತು.

"ನೋಡಮ್ಮ, ಸೈಟು ಹಾಗಿರ್ಲಿ, ಸಭೆಗೂ ಜನ ಬರ್ಲಿಲ್ಲ. ಬಳಗ ಯಾವ ಕಡೆ ಇದೆ ಅಂತ ಗೊತ್ತಾಯ್ತಲ್ಲ. ಬೇಜಾರ್ ಮಾಡ್ಕೋಬೇಡ. ನಿನ್ನೂ ಅಡ್ಮಿನ್ ಮಾಡ್ತೀನಿ ಬೇಕಾದ್ರೆ."

ರಂಜಿನಿ ತಲೆ ತಗ್ಗಿಸಿದಳು. ಶಿವಯೋಗಪ್ಪನವರೂ ಬರಲಿಲ್ಲವಲ್ಲ. ಅವರೂ ಕೈಬಿಟ್ಟರೆ? ಇದೂ ಒಂದೇ ತೋಳಿನದೇ ಆಯಿತು ಎಂದುಕೊಂಡು, ಸ್ವಿಚ್ಚುಗಳನ್ನು ಕೊನೆಯದಾಗಿ ನೋಡೋಣವೆಂದು ಫೋನ್ ತೆಗೆದಳು.

ಪರದೆಯ ತುಂಬ ಹಸಿರು. ಪರಮೇಶರದೊಂದು ಬಿಟ್ಟರೆ ಒಂದೂ ಬೂದು ಇಲ್ಲ. ಬಳಗದಲ್ಲಿ ಯಾರ ಮನೆಯಲ್ಲಿಯೂ ಯಾರೂ ಇರಲಿಲ್ಲ.

ಅವಳು ನೋಡುತ್ತಿದ್ದ ಹಾಗೆಯೇ ಫೋನು ಟಣ್ ಎಂದಿತು. 'ನಮ್ಮನೇಲಿ ಕಳ್ಳತನ ಆಯ್ತು', ಭದ್ರಾವತಿಯ ಹಾಲಮ್ಮನವರು, ಜುಮುಕಿ ದಾಸವಾಳ. ಟಣ್. ಮಲ್ಲಿಕ್ ಸಾಬರ ಹಳದಿ. "ಯಾರೋ ಪಕ್ಕಾ ಉಸ್ತಾದ್ ಬಂದು ಹೋಗಿದಾರೆ, ಒಂದು ಎಲೆನೂ ಉದುರಿಲ್ಲ" ಎಂದು ಸಾಬರು ಹೆಮ್ಮೆಯಿಂದ ಬರೆದಿದ್ದರು. ಟಣ್ ಟಣ್ ಟಣ್. ರಂಜಿನಿಗೆ ಆಗ ಹೊಳೆಯಿತು. ಭಾನುವಾರ ನಾಲ್ಕಕ್ಕೆ ಇಡೀ ಬಳಗ ಪಾರ್ಕಿನಲ್ಲಿ ಇರುತ್ತದೆ, ಎಲ್ಲ ಮನೆಗಳೂ ಖಾಲಿ ಇರುತ್ತವೆ, ಕದಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಯೋಚಿಸಿದ್ದರು. ಎಲ್ಲರೂ ಸಭೆ ತಪ್ಪಿಸಿ ಕದಿಯಲು ಹೋಗಿದ್ದರು. ಎರಡು ಊರಿನಲ್ಲಿ ಮರ್ಯಾದಸ್ಥರೆಲ್ಲ ಬ್ಯಾಗಿನಲ್ಲಿ ಕತ್ತರಿ ಇಟ್ಟುಕೊಂಡು ಒಬ್ಬರ ಗೇಟು ಇನ್ನೊಬ್ಬರು ತೆಗೆಯುತ್ತಿದ್ದರು. ಒಂದು ಮನೆಯಲ್ಲಂತೂ ಇಬ್ಬರು ಟೀಚರುಗಳು ಒಂದೇ ಗಿಡದ ಎರಡು ಬದಿಯಿಂದ ಕೈ ಹಾಕಿ, ಕೈಗೆ ಕೈ ತಾಗಿ ಕಿರುಚಿಕೊಂಡಿದ್ದರಂತೆ.

ಪರಮೇಶರ ಫೋನೂ ಮೊಳಗಿತು. ಆಗಷ್ಟೇ ಹೊರಗಿಂದ ರಾಗಿಗುಡ್ಡದ ಮನೆಗೆ ಬಂದ ಅವರ ಹೆಂಡತಿ. "ರೀ, ನಮ್ಮ ಎರಡು ಸುತ್ತಿಂದು ಯಾರೋ ಮುರ್ಕೊಂಡು ಹೋಗಿದಾರೆ!" ಎಂಬ ಕೂಗು ಚಾಪೆಯ ಆಚೆ ತುದಿಗೂ ಕೇಳಿಸಿತು. ಪರಮೇಶರ ಮೀಸೆಯ ಕೆಳಗೆ ನಗು ತಡೆದರೂ ನಿಲ್ಲಲಿಲ್ಲ.

"ನಮ್ಮನೇಗೂ ಬಂದಿದ್ರಾ?" ಎಂದರು ಮೆತ್ತಗೆ. "ನಂದೂ ಯಾರಿಗೋ ಬೇಕಾಯ್ತಾ?" ಮತ್ತೆ ಗಂಟಲು ಸರಿಮಾಡಿಕೊಂಡು, "ಆ ಕಳ್ಳತನದ ಬಟನ್ನು ಎಲ್ಲಿದೆ ತೋರಿಸಮ್ಮ" ಎಂದರು. ಒತ್ತಿದರು. ಗ್ರೂಪನ್ನು ಅಲ್ಲೇ ಮುಚ್ಚಿದರು. ಖಾರಾಬಾತನ್ನು ಮೂವರೇ ತಿಂದು ಮುಗಿಸಿದರು.

ಮನೆಗೆ ನಡೆದು ಬರುವಾಗ ಹಾಲೇಶ್ ಸಿಳ್ಳೆ ಹಾಕುತ್ತಿದ್ದ. "ಎರಡೂ ತೋಳು ಆಯ್ತಲ್ಲ ಮಾರಾಯ್ತಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ರಂಜಿನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೂ ಫೋನು ಟಣ್ ಎಂದಾಗಲೆಲ್ಲ ಒಳಗೊಂದು ಸಣ್ಣ ಮುಳ್ಳು ಆಡುತ್ತಿತ್ತು. ಎಲ್ಲರ ಮನೆಗೂ ಯಾರೋ ಹೋಗಿದ್ದರು. ನಾಟಿ ಕೆಂಪಿಗಾಗಿ ಯಾರು ಬರುತ್ತಾರೆ? ಅದು ಎಲ್ಲ ದೇವಸ್ಥಾನದ ಮುಂದೆಯೂ ಇರುತ್ತದೆ.

ಗೇಟಿನ ಚಿಲಕ ಹಾಕಿರಲಿಲ್ಲ. ತಾನು ಹಾಕಿ ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. "ಯಾರೋ ನುಗ್ಗಿದಾರೆ!" ಎಂದು ಹಾಲೇಶ್ ಜೇಬಿನಿಂದ ಪೀಪಿ ತೆಗೆದು ಊದಿಯೇಬಿಟ್ಟ. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ರಂಜಿನಿ ಅವನನ್ನು ಬದಿಗೆ ತಳ್ಳಿ ಕೆಂಪು ದಾಸವಾಳದ ಹತ್ತಿರ ಓಡಿದಳು.

ಗಿಡದ ಬಲಗಡೆ ಒಂದು ಕಡ್ಡಿ ಇರಲಿಲ್ಲ. ಓರೆಯಾಗಿ, ನಾಜೂಕಾಗಿ ಕತ್ತರಿಸಿದ್ದರು. ಕತ್ತರಿಸಿದ ಗಾಯಕ್ಕೆ ಅರಿಶಿನ ಕಲಸಿ ಹಚ್ಚಿದ್ದರು, ಅದಿನ್ನೂ ಹಸಿಯಾಗಿತ್ತು. ಕಟ್ಟೆಯ ಮೇಲೆ ಒಂದು ಬಿಸ್ಕತ್ತಿನ ಪೊಟ್ಟಣ ಇತ್ತು.

"ಏನು ಹೋಗಿದೆ? ಏನು ಹೋಗಿದೆ?" ಎಂದು ಪಕ್ಕದ ಮನೆಯ ಶೀಲಾ ಗಾಬರಿಯಿಂದ ಕೇಳಿದಳು.

ರಂಜಿನಿ ಕಣ್ಣೀರು ಒರೆಸಿಕೊಂಡಳು, ನಕ್ಕಳು, ಮತ್ತೆ ಒರೆಸಿಕೊಂಡಳು. ಫೋನ್ ತೆಗೆದು ತಾನೇ ಎಳೆದು ತಂದು ಕೂರಿಸಿದ್ದ ಬಟನ್ನನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಗಂಡನಿಗಿಂತ ಜೋರಾಗಿ ಕೂಗಿದಳು:

"ನಮ್ಮನೇಲೂ ಕಳ್ಳತನ ಆಯ್ತು ಕಣ್ರೀ!"